ಡಿಎಲ್ ಕೈಗೆ ಬಂತು, ಈಗ ರಸ್ತೆಗೆ: ಹೊಸ ಬೈಕ್ ಸವಾರರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸದಾಗಿ ಡಿಎಲ್ ಪಡೆದವರದ್ದು, ಇಲ್ಲವೇ ಅವರ ಮನೆಯವರದ್ದು. ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿದರೆ ಪರೀಕ್ಷೆ ಪಾಸು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನ ಪಕ್ಕ ಎಷ್ಟು ಜಾಗ ಬಿಡಬೇಕು, ಮುಂದಿನ ಆಟೊದಿಂದ ಎಷ್ಟು ದೂರ ಇರಬೇಕು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಆ ಜಾಗದ ಲೆಕ್ಕವೇ ಇದೆ.

ಪ್ರಶ್ನೆ: ಡಿಎಲ್ ಬಂದು ಎರಡು ವಾರ ಆಯ್ತು. 150 ಸಿಸಿ ಬೈಕ್ ತಗೊಂಡಿದ್ದೀನಿ. ಕೆಂಗೇರಿಯಿಂದ ಜಯನಗರಕ್ಕೆ ದಿನಾ ಆಫೀಸಿಗೆ ಹೋಗಬೇಕು. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತೆ, ಹಿಂದಿನವರು ಹಾರ್ನ್ ಹೊಡೆದರೆ ಕೈ ನಡುಗುತ್ತೆ. ಹೇಗಿದ್ದರೂ ಕಲಿಯಲೇಬೇಕಲ್ಲ, ನೇರವಾಗಿ ಮೈಸೂರು ರಸ್ತೆಗೆ ಇಳಿದುಬಿಡಲಾ?
— ಖಾಸಗಿ ನೌಕರ, ಕೆಂಗೇರಿ

ಉತ್ತರ: ಈಗಲೇ ಬೇಡ. ಮೂರು ನಾಲ್ಕು ಭಾನುವಾರ ಬೆಳಗ್ಗೆ ಆರರಿಂದ ಏಳೂವರೆವರೆಗೆ ಸಮಯ ಮಾಡಿಕೊಳ್ಳಿ. ಮನೆಗಳು ಇನ್ನೂ ಏಳದ ಹೊಸ ಬಡಾವಣೆಯ ಖಾಲಿ ರಸ್ತೆ ಸಾಕು. ಕೈಕಾಲಿನ ಕೆಲಸ ಅಲ್ಲಿ ತನ್ನಷ್ಟಕ್ಕೆ ಆಗುವಂತಾಗಬೇಕು. ಆಮೇಲೆ ಟ್ರಾಫಿಕ್‌ನಲ್ಲಿ ಕಣ್ಣಿಗೂ ತಲೆಗೂ ಬಿಡುವು ಸಿಗುತ್ತದೆ. ಹೊಸಬರು ಬೀಳುವುದು ಬಹಳ ಸಲ ಇಲ್ಲೇ: ಮನಸ್ಸೆಲ್ಲ ಕ್ಲಚ್ ಮೇಲಿರುತ್ತದೆ, ಎದುರು ನಿಂತ ಆಟೊ ಕಾಣುವುದಿಲ್ಲ.

ಮೊದಲು ಕ್ಲಚ್. ಗಾಡಿ ಸ್ಟಾರ್ಟ್ ಮಾಡಿ, ಮೊದಲನೇ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಲಿವರನ್ನು ನಿಧಾನಕ್ಕೆ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ಸ್ವಲ್ಪ ತಗ್ಗುತ್ತದೆ, ಗಾಡಿ ಮುಂದಕ್ಕೆ ಎಳೆದಂತಾಗುತ್ತದೆ. ಕ್ಲಚ್ ಹಿಡಿಯುವ ಜಾಗ ಅದು. ಅಲ್ಲಿ ನಿಲ್ಲಿಸಿ, ಮತ್ತೆ ಪೂರ್ತಿ ಹಿಡಿಯಿರಿ. ಇಪ್ಪತ್ತು ಸಲ ಮಾಡಿದರೆ ಬೆರಳಿಗೆ ಆ ಜಾಗ ನೆನಪಾಗುತ್ತದೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುವುದು ಲಿವರಿನ ಕೊನೆಯ ಅರ್ಧ ಇಂಚನ್ನು ಫಟ್ಟನೆ ಬಿಡುವುದರಿಂದ. ಆಕ್ಸಿಲರೇಟರ್ ಚೂರು ಕೊಟ್ಟು, ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತಂದು, ಗಾಡಿ ಒಂದೆರಡು ಮೀಟರ್ ಉರುಳುವವರೆಗೂ ಅಲ್ಲೇ ಇಟ್ಟುಕೊಂಡು ಆಮೇಲೆ ಪೂರ್ತಿ ಬಿಡಿ. ಆದರೂ ಆಫ್ ಆಯಿತೋ, ಕ್ಲಚ್ ಹಿಡಿದು ಸೆಲ್ಫ್ ಒತ್ತಿ, ಅಷ್ಟೇ. ನ್ಯೂಟ್ರಲ್ ಹುಡುಕುತ್ತ ಕೂರಬೇಡಿ. ಹಾರ್ನ್ ಹೊಡೆದವರು ಮೂರು ಸೆಕೆಂಡ್ ಕಾಯುತ್ತಾರೆ, ಕಾಯಲಿ.

ಎರಡನೆಯದು, ನಡಿಗೆಗಿಂತ ನಿಧಾನವಾಗಿ ಓಡಿಸುವುದು. ಹತ್ತು ಮೀಟರ್ ಅಳತೆ ಮಾಡಿ ಎರಡು ಕಲ್ಲಿಡಿ. ಕ್ಲಚ್ಚನ್ನು ಹಿಡಿಯುವ ಜಾಗದಲ್ಲೇ ಆಡಿಸುತ್ತ, ಬಲಗಾಲಿನಲ್ಲಿ ಹಿಂದಿನ ಬ್ರೇಕನ್ನು ಹಗುರಾಗಿ ಒತ್ತಿಟ್ಟುಕೊಂಡು, ಆ ದೂರವನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತಿನಲ್ಲಿ ದಾಟಿ. ಹಿಂದಿನ ಬ್ರೇಕಿನ ಹಗುರ ಒತ್ತು ಗಾಡಿಯನ್ನು ಹಿಡಿದು ನಿಲ್ಲಿಸಿದಂತೆ ನೆಟ್ಟಗಿಡುತ್ತದೆ. ಮುಂದಿನ ಬ್ರೇಕನ್ನು ಈ ವೇಗದಲ್ಲಿ, ಅದರಲ್ಲೂ ಹ್ಯಾಂಡಲ್ ತಿರುಗಿದ್ದಾಗ, ಮುಟ್ಟಲೇಬೇಡಿ. ನಿಂತ ಹಾಗೇ ಬೀಳುವುದು ಅದರಿಂದಲೇ. ಸಂಜೆ ಆರೂವರೆಯ ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ನಿಮಗೆ ಬೇಕಾಗುವ ವಿದ್ಯೆ ಇಷ್ಟೇ.

ಮೂರನೆಯದು ಬ್ರೇಕ್. ಅದರ ವಿವರ ಮುಂದಿನ ಉತ್ತರದಲ್ಲಿದೆ. 30 ಕಿ.ಮೀ. ವೇಗದಿಂದ ಹತ್ತು ಸಲ, ಅದು ಸಲೀಸಾದ ಮೇಲೆ 40ರಿಂದ ಹತ್ತು ಸಲ ಮಾಡಿ.

ಆಮೇಲೆ ಆಫೀಸಿನ ದಾರಿ. ಮೊದಲ ಸಲ ಅದನ್ನು ಭಾನುವಾರ ಓಡಿಸಿ ನೋಡಿ: ಹಂಪ್‌ಗಳು ಎಲ್ಲಿವೆ, ಯಾವ ಹಂಪ್‌ಗೆ ಬಿಳಿ ಪಟ್ಟಿಯೇ ಇಲ್ಲ, ಬಸ್ ಸ್ಟಾಪ್ ಎಲ್ಲಿ, ಯಾವ ತಿರುವಿನಲ್ಲಿ ಎದುರಿನವರು ರಾಂಗ್ ಸೈಡ್‌ನಲ್ಲಿ ಬರುತ್ತಾರೆ. ನಂತರ ಎರಡು ವಾರ ಬೆಳಗ್ಗೆ ಏಳಕ್ಕೇ ಹೊರಡಿ. ಮೈಸೂರು ರಸ್ತೆಯ ಬದಲು ಉತ್ತರಹಳ್ಳಿ ಕಡೆಯಿಂದ ಬನಶಂಕರಿಗೆ ಬಂದರೆ ವೇಗ ಕಡಿಮೆ ಇರುತ್ತದೆ, ಹೊಸ ಕೈಗೆ ಅದು ಒಳ್ಳೆಯದು. ಮೊದಲ ಮೂರು ತಿಂಗಳು ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. 60 ಕಿಲೋ ಭಾರ ಹಿಂದೆ ಕೂತರೆ ಹ್ಯಾಂಡಲ್ ಹಗುರಾಗುತ್ತದೆ, ಬ್ರೇಕಿನ ದೂರ ಬದಲಾಗುತ್ತದೆ, ನೀವು ಕಲಿತ ಗಾಡಿ ಬೇರೆಯದೇ ಆಗಿಬಿಡುತ್ತದೆ.

ಪ್ರಶ್ನೆ: "ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀಯ, ಹಿಂದಿನದೇ ಹಿಡಿ" ಅಂತ ಅಪ್ಪ ಹೇಳ್ತಾರೆ. ಡ್ರೈವಿಂಗ್ ಸ್ಕೂಲಿನವರೂ ಅದನ್ನೇ ಹೇಳಿದ್ದರು. ಯೂಟ್ಯೂಬ್‌ನಲ್ಲಿ ಬೇರೆ ಥರ ಹೇಳ್ತಾರೆ. ಯಾವುದು ಸರಿ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ನಿಮ್ಮ ತಂದೆ ಓಡಿಸಿದ ಗಾಡಿಗಳ ಮುಂದಿನ ಡ್ರಮ್ ಬ್ರೇಕಿಗೆ ಆ ಮಾತು ಸ್ವಲ್ಪ ಹೊಂದುತ್ತಿತ್ತೇನೋ. ಈಗಿನ ಗಾಡಿಗೆ ಹೊಂದುವುದಿಲ್ಲ. ಬ್ರೇಕ್ ಹಿಡಿದ ತಕ್ಷಣ ಗಾಡಿಯ ಮತ್ತು ನಿಮ್ಮ ಭಾರ ಮುಂದಿನ ಚಕ್ರದ ಮೇಲೆ ಬಂದು ಕೂರುತ್ತದೆ. ಮುಂದಿನ ಟೈರ್ ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಹಿಡಿತ ಕಡಿಮೆ. ಅದಕ್ಕೇ ಹಿಂದಿನ ಬ್ರೇಕನ್ನೇ ನಂಬಿ ತುಳಿದರೆ ಚಕ್ರ ಲಾಕ್ ಆಗಿ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ.

ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಲೆಕ್ಕ ಹೀಗಿದೆ. 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಬರಲು ಒಂದು ಸೆಕೆಂಡ್ ಬೇಕೇ ಬೇಕು, ಅಷ್ಟರಲ್ಲಿ 11 ಮೀಟರ್ ಮುಗಿಯಿತು. ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಇನ್ನು ಸುಮಾರು 9 ಮೀಟರ್. ಒಟ್ಟು 20. ಹಿಂದಿನದೊಂದನ್ನೇ ಹಿಡಿದರೆ 9ರ ಬದಲು 18 ಮೀಟರ್ ಬೇಕಾಗುತ್ತದೆ. ಈಗ 60ಕ್ಕೆ ಬನ್ನಿ. ಯೋಚಿಸುವ ಸೆಕೆಂಡಿನಲ್ಲಿ ಸುಮಾರು 17 ಮೀಟರ್, ಎರಡೂ ಬ್ರೇಕ್ ಹಿಡಿದು 20 ಮೀಟರ್, ಒಟ್ಟು 37.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 20 ಮೀಟರ್ ದೂರದಲ್ಲಿ ಒಂದು ಮಗು ರಸ್ತೆಗೆ ಓಡಿಬಂತು ಅಂದುಕೊಳ್ಳಿ. 40ರಲ್ಲಿದ್ದವರು ಮಗುವಿನ ಮುಂದೆ ನಿಂತಿರುತ್ತಾರೆ. 60ರಲ್ಲಿದ್ದವರು ಅದೇ ಜಾಗಕ್ಕೆ ಬಂದಾಗ ಬ್ರೇಕ್ ಹಿಡಿದು ಮೂರು ಮೀಟರ್ ಆಗಿರುತ್ತದಷ್ಟೆ, ಗಾಡಿಯ ವೇಗ ಇನ್ನೂ 55 ಇರುತ್ತದೆ. ವೇಗ ಹೆಚ್ಚಿದ್ದು 20, ಡಿಕ್ಕಿಯ ವೇಗ ಸೊನ್ನೆಯಿಂದ 55ಕ್ಕೆ ಹೋಯಿತು. ಬೆಂಗಳೂರಿನ ಒಳಗೆ ನಿಧಾನವಾಗಿ ಓಡಿಸಿ ಎಂದು ನಾವು ಹೇಳುವುದು ಈ ಲೆಕ್ಕದ ಮೇಲೆ.

ಇನ್ನು ಹಿಡಿಯುವ ರೀತಿ. ಮುಂದಿನ ಲಿವರನ್ನು ಎರಡು ಹಂತದಲ್ಲಿ ಹಿಡಿಯಬೇಕು. ಮೊದಲು ಹಗುರಾಗಿ, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು) ಕೆಳಗಿಳಿದು ಗಾಡಿಯ ಮೂಗು ತಗ್ಗುವಷ್ಟು. ಅದಕ್ಕೆ ಅರ್ಧ ಸೆಕೆಂಡೂ ಬೇಡ. ಭಾರ ಮುಂದಕ್ಕೆ ಬಂದು ಟೈರ್ ರಸ್ತೆಯನ್ನು ಕಚ್ಚಿದ ಮೇಲೆ ನಿಂಬೆಹಣ್ಣು ಹಿಂಡಿದ ಹಾಗೆ ಒತ್ತಡ ಏರಿಸುತ್ತ ಹೋಗಿ. ಒಂದೇ ಏಟಿಗೆ ಬಿಗಿ ಹಿಡಿದರೆ ಭಾರ ಬರುವ ಮೊದಲೇ ಚಕ್ರ ಲಾಕ್ ಆಗುತ್ತದೆ. ಜನ "ಮುಂದಿನ ಬ್ರೇಕ್ ಬೀಳಿಸಿತು" ಎನ್ನುವುದು ಇದನ್ನೇ. ಗಾಡಿ ನೆಟ್ಟಗಿರಬೇಕು, ಹ್ಯಾಂಡಲ್ ನೇರ ಇರಬೇಕು, ಕಣ್ಣು ದೂರದಲ್ಲಿರಬೇಕು. ನಿಲ್ಲುವ ಮುಂಚೆ ಕ್ಲಚ್ ಹಿಡಿದು ಮೊದಲ ಗೇರಿಗೆ ಇಳಿದಿರಿ, ಹಿಂದಿನಿಂದ ಲಾರಿ ಬಂದರೆ ತಪ್ಪಿಸಿಕೊಳ್ಳಲು ಬೇಕು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕ್‌ಗಳು ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಜೊತೆಗೇ ಬರುತ್ತಿವೆ. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್, ಅಂದರೆ ಒಂದು ಬ್ರೇಕ್ ಒತ್ತಿದರೆ ಇನ್ನೊಂದೂ ಸ್ವಲ್ಪ ಹಿಡಿಯುವ ವ್ಯವಸ್ಥೆ, ಇದ್ದರೂ ಸಾಕಿತ್ತು. ನಿಮ್ಮದು ಸಿಂಗಲ್ ಚಾನೆಲ್ ಎಬಿಎಸ್ ಆದರೆ ಅದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಲಾಕ್ ಆಗುತ್ತದೆ, ಮರೆಯಬೇಡಿ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿಗೆ ಟಕಟಕ ಹೊಡೆಯುತ್ತದೆ. ಹೆದರಿ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ಒತ್ತಿಯೇ ಇರಿ.

ಒಂದು ಅಭ್ಯಾಸ ಮಾತ್ರ ಇವತ್ತಿನಿಂದಲೇ ಮಾಡಿಕೊಳ್ಳಿ: ಊರೊಳಗೆ ಓಡಿಸುವಾಗ ಎರಡು ಬೆರಳು ಸದಾ ಮುಂದಿನ ಬ್ರೇಕ್ ಲಿವರಿನ ಮೇಲಿರಲಿ. ಹಿಡಿಯಿಂದ ಬೆರಳು ಬಿಚ್ಚಿ ಲಿವರಿಗೆ ತರುವ ಹೊತ್ತು ಸೆಕೆಂಡಿನ ಮೂರನೇ ಒಂದು ಪಾಲಾದರೂ ಆಗುತ್ತದೆ. 50ರ ವೇಗದಲ್ಲಿ ಅದು ನಾಲ್ಕೂವರೆ ಮೀಟರ್, ಒಂದು ಕಾರಿನ ಉದ್ದ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ 25ರ ವೇಗದಲ್ಲೇ ಜಾರಿ ಬಿದ್ದೆ. ಟೈರ್ ಹೊಸದು, ಬ್ರೇಕ್ ಕೂಡ ಜೋರಾಗಿ ಹಿಡಿದಿರಲಿಲ್ಲ. ಯಾಕೆ ಹೀಗಾಯ್ತು?
— ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರ

ಉತ್ತರ: ನಿಮ್ಮ ಪತ್ರದಲ್ಲೇ ಮೂರು ಕಾರಣ ಇವೆ. ಒಂದು, ಟೈರ್ ಹೊಸದು. ಹೊಸ ಟೈರಿನ ಮೇಲ್ಮೈ ನಯವಾಗಿರುತ್ತದೆ. ಮೊದಲ 150 ಕಿ.ಮೀ. ಓಡಿ ಅದು ಉಜ್ಜಿಹೋಗುವವರೆಗೆ ಪೂರ್ತಿ ಹಿಡಿತ ಬರುವುದಿಲ್ಲ. ತಿರುವಿನಲ್ಲಿ ವಾಲಿಸಬಾರದು.

ಎರಡು, ಮೊದಲ ಮಳೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಬಿದ್ದ ಎಂಜಿನ್ ಆಯಿಲ್, ಡೀಸೆಲ್, ಟೈರಿನ ಪುಡಿ, ಕಟ್ಟಡದ ದೂಳು ಎಲ್ಲವೂ ಮಳೆಯ ಮೊದಲ ಹದಿನೈದು ಇಪ್ಪತ್ತು ನಿಮಿಷದಲ್ಲಿ ನೀರಿನ ಜೊತೆ ಕಲಸಿಕೊಂಡು ಲೋಳೆಯಾಗುತ್ತದೆ. ಜೋರು ಮಳೆ ಅರ್ಧ ಗಂಟೆ ಬಂದು ರಸ್ತೆ ತೊಳೆದ ಮೇಲೆ ಹಿಡಿತ ಎಷ್ಟೋ ವಾಸಿ. ಮಾವಿನ ಮಳೆಯ ತುಂತುರು ಹೆಚ್ಚು ಅಪಾಯ, ಏಕೆಂದರೆ ಅದು ಕಲಸುತ್ತದೆ, ತೊಳೆಯುವುದಿಲ್ಲ. ಸಿಗ್ನಲ್‌ನಲ್ಲಿ ಲೇನಿನ ಮಧ್ಯಭಾಗ ಕಪ್ಪಗೆ ಹೊಳೆಯುತ್ತದಲ್ಲ, ಅದು ನಿಂತ ಗಾಡಿಗಳಿಂದ ತೊಟ್ಟಿಕ್ಕಿದ ಎಣ್ಣೆ. ಕಾರಿನ ಚಕ್ರ ಓಡುವ ಜಾಡಿನಲ್ಲಿ ನಿಲ್ಲಿ, ಕಾಲೂ ಅಲ್ಲೇ ಊರಿ.

ಮೂರನೆಯದು, ಮಲ್ಲೇಶ್ವರದ ಮರಗಳು. ಹೊಂಗೆ ಹೂ ಉದುರುವ ಕಾಲ ಅದು. ತಿಳಿ ನೇರಳೆ ಹಾಸಿಗೆಯಂತೆ ಚೆಂದ ಕಾಣುತ್ತದೆ. ಸಣ್ಣ ಹೂಗಳು ಒದ್ದೆಯಾಗಿ ಚಕ್ರದಡಿ ನುರಿದರೆ ಸೋಪಿನ ನೀರು ಚೆಲ್ಲಿದಂತೆ. ಮಳೆಮರದ ಕಾಯಿ ಇನ್ನೂ ಮೋಸದ್ದು: ಕಪ್ಪನೆಯ ಉದ್ದ ಕಾಯಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದಾಗ ಒಳಗಿನ ಸಿಹಿ ಅಂಟು ಡಾಂಬರಿಗೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಬರೀ ಕಲೆಯಂತೆ ಕಾಣುತ್ತದೆ, ನಾಲ್ಕು ಹನಿ ಬಿದ್ದರೆ ಮತ್ತೆ ಜಾರುತ್ತದೆ. ಮರದ ಕೆಳಗಿನ ಕಪ್ಪು ಕಲೆ ಕಂಡರೆ ಅದರ ಮೇಲೆ ಬ್ರೇಕ್ ಬೇಡ, ತಿರುಗಿಸುವುದೂ ಬೇಡ. ಅದಕ್ಕೂ ಮುಂಚೆಯೇ ನಿಧಾನ ಮಾಡಿ, ಮೇಲಿಂದ ನೇರವಾಗಿ ದಾಟಿ.

ಒದ್ದೆಯಾದಾಗ ಜಾರುವ ಇನ್ನೂ ಕೆಲವು: ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೋ ಕಾಮಗಾರಿಯಲ್ಲಿ ಹಾಸಿದ ಕಬ್ಬಿಣದ ತಗಡು, ಫ್ಲೈಓವರ್ ಜೋಡಣೆಯ ಉಕ್ಕಿನ ಪಟ್ಟಿ. ವೈಟ್ ಟಾಪಿಂಗ್ ಕಾಂಕ್ರೀಟ್ ಮತ್ತು ಹಳೆಯ ಡಾಂಬರು ಸೇರುವ ಕಡೆ ಉದ್ದಕ್ಕೂ ಒಂದು ಅಂಚು ಇರುತ್ತದೆ. ಅದರ ಗುಂಟ ಓಡಿಸುತ್ತ ಮೆಲ್ಲಗೆ ಮೇಲೇರಲು ನೋಡಿದರೆ ಮುಂದಿನ ಚಕ್ರ ಅಂಚಿಗೆ ಉಜ್ಜಿ ಗಾಡಿ ಅಡ್ಡ ಬೀಳುತ್ತದೆ. ಸ್ವಲ್ಪ ದೂರ ಸರಿದು, ಆದಷ್ಟು ಅಡ್ಡ ಕೋನದಲ್ಲಿ, ನಿಧಾನವಾಗಿ ಏರಿ.

ಮಳೆ ಜೋರಾದರೆ ಅಂಡರ್‌ಪಾಸಿನಲ್ಲಿ ಆಶ್ರಯ ಪಡೆಯಬೇಡಿ. ನಮ್ಮೂರಲ್ಲಿ ಹತ್ತಿಪ್ಪತ್ತು ಬೈಕ್ ಅಲ್ಲಿ ಒತ್ತಾಗಿ ನಿಲ್ಲುವುದು ದಿನದ ನೋಟ. ಬೆಳಕಿನಿಂದ ಕತ್ತಲೆಗೆ ನುಗ್ಗುವ ಕಾರಿನವರಿಗೆ ಅವು ಕಾಣುವುದೇ ಇಲ್ಲ. ನೀರು ನುಗ್ಗುವ ಭಯವೂ ಇದೆ: 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ಮಳೆನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಪೆಟ್ರೋಲ್ ಬಂಕ್, ಅಂಗಡಿ ಮುಂಗಟ್ಟು, ಯಾವುದಾದರೂ ಆಗಲಿ, ರಸ್ತೆಯಿಂದ ಪೂರ್ತಿ ಒಳಗೆ ನಿಲ್ಲಿ. ತಳ ಕಾಣದ ನೀರಿಗೆ ಗಾಡಿ ಇಳಿಸಬೇಡಿ. ಬಾಯಿ ತೆರೆದ ಮೋರಿ ಎಲ್ಲಿದೆ ಅಂತ ನೀರು ಹೇಳುವುದಿಲ್ಲ.

ಪ್ರಶ್ನೆ: ಹೊರವರ್ತುಲ ರಸ್ತೆಯಲ್ಲಿ ದಿನಾ ಓಡಾಡ್ತೀನಿ. ಬಸ್ಸು, ವಾಟರ್ ಟ್ಯಾಂಕರ್ ಪಕ್ಕದಲ್ಲಿ ಹೋಗುವಾಗ ಜೀವ ಬಾಯಿಗೆ ಬರುತ್ತೆ. ಎಡದಲ್ಲಿ ಹೋಗಲಾ, ಬಲದಲ್ಲಿ ಹೋಗಲಾ? ಜಾಗ ಬಿಟ್ಟರೆ ಇನ್ನೊಬ್ಬ ನುಗ್ಗುತ್ತಾನೆ.
— ಐಟಿ ಉದ್ಯೋಗಿ, ಮಾರತ್ತಹಳ್ಳಿ

ಉತ್ತರ: ಬಸ್ಸಿನ ಎಡಕ್ಕೆ ಎಂದೂ ಹೋಗಬೇಡಿ. ಬಾಗಿಲು ಎಡಕ್ಕಿದೆ, ಸ್ಟಾಪ್ ಬರುವ ಮೊದಲೇ ಜನ ಇಳಿಯುತ್ತಾರೆ, ಫುಟ್‌ಪಾತ್ ಮತ್ತು ಬಸ್ಸಿನ ಮಧ್ಯೆ ಸಿಕ್ಕಿಕೊಂಡರೆ ತಪ್ಪಿಸಿಕೊಳ್ಳಲು ಒಂದು ಗೇಣು ಜಾಗವೂ ಇಲ್ಲ. ಎಡಕ್ಕೆ ತಿರುಗುವ ಬಸ್ಸು ಮೊದಲು ಬಲಕ್ಕೆ ಸರಿದಂತೆ ಕಾಣುತ್ತದೆ. "ಎಡಕ್ಕೆ ಜಾಗ ಬಿಟ್ಟರು" ಅಂತ ನುಗ್ಗುವವರು ಹಿಂದಿನ ಚಕ್ರದ ಕೆಳಗೆ ಸಿಕ್ಕುತ್ತಾರೆ. ಸುಮಾರು 12 ಮೀಟರ್ ಉದ್ದದ ಬಸ್ಸಿನಲ್ಲಿ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ.

ದಾಟುವುದಾದರೆ ಬಲದಿಂದ. ಡ್ರೈವರಿನ ಮುಖ ಅವರ ಕನ್ನಡಿಯಲ್ಲಿ ನಿಮಗೆ ಕಾಣಬೇಕು. ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ. ಪಕ್ಕಪಕ್ಕದಲ್ಲೇ ಓಡಿಸುತ್ತ ಉಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು: ಬೇಗ ದಾಟಿ, ಇಲ್ಲವೇ ಹಿಂದೆಯೇ ಇರಿ. ಟ್ಯಾಂಕರ್‌ನಿಂದ ನೀರು ಚೆಲ್ಲುತ್ತಿದ್ದರೆ ಅದರ ಹಿಂದಿನ ರಸ್ತೆ ಒದ್ದೆ, ಅದೂ ಲೆಕ್ಕಕ್ಕಿರಲಿ.

ಮುಂದಿನ ವಾಹನದಿಂದ ಬಿಡಬೇಕಾದ ಅಂತರವನ್ನು ಹೀಗೆ ಅಳೆಯಿರಿ. ಅದು ಒಂದು ಲೈಟ್ ಕಂಬ ದಾಟಿದಾಗ "ಒಂದು ರೂಪಾಯಿ, ಎರಡು ರೂಪಾಯಿ" ಎಂದು ಸಾವಧಾನವಾಗಿ ಎಣಿಸಿ. ಮುಗಿಯುವ ಮೊದಲೇ ನೀವು ಆ ಕಂಬ ಮುಟ್ಟಿದರೆ ಹತ್ತಿರವಾಯಿತು. ಒಣ ರಸ್ತೆಗೆ ಎರಡು ರೂಪಾಯಿ ಕನಿಷ್ಠ, ಹೊಸಬರಿಗೆ ಮೂರು, ಮಳೆಗೆ ನಾಲ್ಕು. ಇನ್ನೊಬ್ಬರು ನುಗ್ಗುತ್ತಾರೆ, ನಿಜ. ನುಗ್ಗಿದಾಗ ಆಕ್ಸಿಲರೇಟರ್ ಚೂರು ಬಿಟ್ಟು ಮತ್ತೆ ಅಷ್ಟು ಜಾಗ ಮಾಡಿಕೊಳ್ಳಿ. ಅರ್ಧ ಗಂಟೆಯ ದಾರಿಯಲ್ಲಿ ಹದಿನೈದು ಜನ ನುಗ್ಗಿದರೂ ನೀವು ಕಳೆದುಕೊಳ್ಳುವುದು ಒಂದು ನಿಮಿಷಕ್ಕೂ ಕಡಿಮೆ. ಎರಡು ಸಿಗ್ನಲ್‌ಗಳ ಮಧ್ಯೆ ಒಂದು ಕಿಲೋಮೀಟರ್ ಇದ್ದರೆ 60ರಲ್ಲಿ ಹೋದವರು 40ರಲ್ಲಿ ಹೋದವರಿಗಿಂತ 30 ಸೆಕೆಂಡ್ ಮುಂಚೆ ತಲಪುತ್ತಾರೆ, ಮುಂದಿನ ಕೆಂಪು ದೀಪದಲ್ಲಿ ಇಬ್ಬರೂ ಒಟ್ಟಿಗೆ ನಿಂತಿರುತ್ತಾರೆ.

ಲೇನ್ ಬದಲಿಸುವ ಕ್ರಮ: ಕನ್ನಡಿ, ಇಂಡಿಕೇಟರ್, ಗದ್ದ ಹೆಗಲಿಗೆ ತಾಗುವಂತೆ ಒಂದು ನೋಟ, ಆಮೇಲೆ ಸರಿಯುವುದು. ಕನ್ನಡಿಯಲ್ಲಿ ಕಾಣದ ಸ್ಕೂಟರ್ ಆ ನೋಟದಲ್ಲಿ ಕಾಣುತ್ತದೆ. ತಿರುಗಿದ ಮೇಲೆ ಇಂಡಿಕೇಟರ್ ಆಫ್ ಮಾಡುವುದನ್ನು ಮರೆಯಬೇಡಿ. ಮಿನುಗುತ್ತಲೇ ಇರುವ ದೀಪ ನೋಡಿ ಎದುರಿನವರು ನೀವು ತಿರುಗುತ್ತೀರಿ ಅಂತ ಅಡ್ಡ ಬರುತ್ತಾರೆ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಡಿಎಲ್ ಬಂದು ನಾಲ್ಕು ತಿಂಗಳು. ಮೊದಮೊದಲು ತುಂಬಾ ಹುಷಾರಾಗಿದ್ದ. ಈಗ ಹೆದರಿಕೆಯೇ ಹೋಗಿದೆ. ಗೆಳೆಯರ ಜೊತೆ ಭಾನುವಾರ ನಸುಕಿನಲ್ಲಿ ನಂದಿಬೆಟ್ಟಕ್ಕೆ ಹೋಗ್ತೀನಿ ಅಂತ ಹಠ. ಬೇಡ ಅಂದರೆ ಸುಳ್ಳು ಹೇಳಿ ಹೋಗ್ತಾನೇನೋ ಅನ್ನೋ ಭಯ.
— ಗೃಹಿಣಿ, ಯಲಹಂಕ

ಉತ್ತರ: ಅಮ್ಮ, ನೀವು ಗಮನಿಸಿದ್ದು ಸರಿ. ಮೂರನೇ ನಾಲ್ಕನೇ ತಿಂಗಳು ಮೊದಲ ವಾರಕ್ಕಿಂತ ಅಪಾಯ ಎಂಬುದು ನಮ್ಮ ಅಭಿಪ್ರಾಯವೂ ಹೌದು. ಕ್ಲಚ್ಚು ಗೇರು ಕೈಗೆ ಹತ್ತಿರುತ್ತದೆ, ಗಾಡಿ ಹೇಳಿದಂತೆ ಕೇಳುತ್ತದೆ, ಹಾಗಾಗಿ ಎಲ್ಲ ಬಂತು ಅನ್ನಿಸುತ್ತದೆ. ಅಪಾಯವನ್ನು ಮೊದಲೇ ಗುರುತಿಸುವ ಕಣ್ಣು ಮಾತ್ರ ಇನ್ನೂ ಬಂದಿರುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಪೂರ್ತಿ ಬೇಡ ಅನ್ನುವ ಬದಲು ಷರತ್ತಿನ ಮೇಲೆ ಕಳಿಸುವುದು ಒಳ್ಳೆಯದು. ಈ ಭಾಗವನ್ನು ಅವನಿಗೇ ಓದಲು ಕೊಡಿ.

ಹಿಂದಿನ ರಾತ್ರಿ ಆರು ಗಂಟೆಯಾದರೂ ನಿದ್ದೆ ಆಗಿರಬೇಕು. ಒಂದು ಗಂಟೆಗೆ ಮಲಗಿ ಮೂರೂವರೆಗೆ ಎದ್ದು ಹೊರಡುವುದಾದರೆ ಆ ಭಾನುವಾರ ಬಿಟ್ಟುಬಿಡಲಿ. ಬೆಳಕು ಹರಿದ ಮೇಲೆ ಹೊರಟರೂ ಬೆಟ್ಟ ಅಲ್ಲೇ ಇರುತ್ತದೆ, ಮಂಜೂ ಸ್ವಲ್ಪ ಕಡಿಮೆಯಾಗಿರುತ್ತದೆ. ಗುಂಪಿನಲ್ಲಿ ನಾಲ್ಕೈದು ಗಾಡಿಗಿಂತ ಹೆಚ್ಚು ಬೇಡ. ನಿಧಾನ ಓಡಿಸುವ ಅನುಭವಿ ಮುಂದೆ, ಅವರ ಹಿಂದೆಯೇ ಹೊಸಬ. ಕೊನೆಯಲ್ಲಿಟ್ಟರೆ ಹಿಂದೆ ಬಿದ್ದೆನೆಂದು ಅಟ್ಟಿಸಿಕೊಂಡು ಬರುತ್ತಾನೆ, ಅಪಘಾತ ಆಗುವುದು ಹಾಗೆ ಅಟ್ಟಿಸುವಾಗಲೇ. ಹೊರಡುವ ಮುನ್ನವೇ ಎಲ್ಲೆಲ್ಲಿ ನಿಂತು ಸೇರಬೇಕು ಎಂದು ಹೆಸರು ಹಿಡಿದು ತೀರ್ಮಾನಿಸಿ: ದೇವನಹಳ್ಳಿ, ಬೆಟ್ಟದ ಬುಡ. ಆಗ ಸಿಗ್ನಲ್‌ನಲ್ಲಿ ತಪ್ಪಿಸಿಕೊಂಡವನು ಕೆಂಪು ದೀಪ ಹಾರಿಸಬೇಕಿಲ್ಲ.

ಬೆಟ್ಟದ ತಿರುವಿನಲ್ಲಿ ವೇಗವನ್ನು ತಿರುವಿಗೆ ಮುಂಚೆ ಇಳಿಸಬೇಕು, ಒಳಗೆ ಹೋದ ಮೇಲಲ್ಲ. ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಸಮನಾಗಿಟ್ಟು, ಕಣ್ಣನ್ನು ತಿರುವಿನ ಆಚೆ ತುದಿಗೆ ನೆಟ್ಟು ಹೋಗಬೇಕು. ಗಾಡಿ ಕಣ್ಣು ಹೋದ ಕಡೆ ಹೋಗುತ್ತದೆ. ತಡೆಗೋಡೆಯನ್ನೇ ನೋಡಿದವರು ತಡೆಗೋಡೆಗೇ ಹೋಗಿ ಗುದ್ದುತ್ತಾರೆ. ಇನ್ನೂ ವಾಲಿಸಬೇಕೆನಿಸಿದರೆ ತಿರುಗುವ ಕಡೆಯ ಹ್ಯಾಂಡಲನ್ನು ಮುಂದಕ್ಕೆ ಒತ್ತಿ: ಎಡ ತಿರುವಿಗೆ ಎಡಗೈ ಕಡೆಯ ಹಿಡಿಯನ್ನು. ಇದು ಉಲ್ಟಾ ಅನ್ನಿಸುತ್ತದೆ, ಆದರೆ ವೇಗದಲ್ಲಿ ಬೈಕ್ ತಿರುಗುವುದೇ ಹೀಗೆ. ಇದನ್ನು ಖಾಲಿ ರಸ್ತೆಯಲ್ಲಿ 30–40ರ ವೇಗದಲ್ಲಿ ಮಾಡಿ ನೋಡಿದ ಮೇಲೆಯೇ ಬೆಟ್ಟಕ್ಕೆ ಹೋಗಲಿ. ಇಳಿಯುವಾಗ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಅಭ್ಯಾಸ ಕೂಡದು. ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಲಿವರ್ ಮೆತ್ತಗಾಗುತ್ತದೆ, ಹಿಡಿದರೂ ನಿಲ್ಲುವುದಿಲ್ಲ.

ವೀಲಿಂಗ್, ರೀಲ್ಸ್ ಮಾಡುವವರು ಗುಂಪಿನಲ್ಲಿದ್ದರೆ ಆ ಗುಂಪು ಬೇಡ, ಇದರಲ್ಲಿ ರಿಯಾಯಿತಿ ಇಲ್ಲ. ಮುಂದಿನ ಚಕ್ರ ಗಾಳಿಯಲ್ಲಿದ್ದರೆ ಹ್ಯಾಂಡಲೂ ಇಲ್ಲ, ಮುಂದಿನ ಬ್ರೇಕೂ ಇಲ್ಲ. ಇನ್ನೊಂದು ವಿಷಯ ತಿಳಿದಿರಲಿ: ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗೆ ಪ್ರವೇಶವಿಲ್ಲ. ಮುಂದಿನ ಭಾನುವಾರ ಅತ್ತ ಹೊರಟರೆ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಪ್ರಶ್ನೆ: ಹೆಲ್ಮೆಟ್ ಎಷ್ಟು ದುಡ್ಡಿನದು ತಗೋಬೇಕು?
— ವಿದ್ಯಾರ್ಥಿ, ಹನುಮಂತನಗರ

ಉತ್ತರ: ಬೆಲೆಗಿಂತ ಅಳತೆ ಮುಖ್ಯ. ಹುಬ್ಬಿಗಿಂತ ಎರಡು ಬೆರಳು ಮೇಲೆ ಟೇಪು ಸುತ್ತಿ ತಲೆ ಅಳೆಯಿರಿ, ಆ ಸೆಂಟಿಮೀಟರಿನ ಸೈಜು ಕೇಳಿ. ಗದ್ದವನ್ನೂ ಮುಚ್ಚುವ ಪೂರ್ತಿ ಹೆಲ್ಮೆಟ್, ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂದು ಇರಬೇಕು. ಹಾಕಿಕೊಂಡು ಪಟ್ಟಿ ಕಟ್ಟಿ ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮ ಅದರ ಜೊತೆಗೇ ಅಲುಗಬೇಕು. ಹಿಂದಿನಿಂದ ಯಾರಾದರೂ ಮೇಲಕ್ಕೆತ್ತಿ ಮುಂದಕ್ಕೆ ಎಳೆಯಲಿ, ಕಳಚಿ ಬಂದರೆ ಅದು ನಿಮ್ಮದಲ್ಲ. ಒಳಗಿನ ಥರ್ಮಾಕೋಲಿನಂಥ ಪದರ ಒಂದು ಪೆಟ್ಟಿಗೆ ಮಾತ್ರ. ಅದು ಅಮುಕಿಕೊಂಡೇ ತಲೆ ಉಳಿಸುತ್ತದೆ, ಮತ್ತೆ ಉಬ್ಬುವುದಿಲ್ಲ. ಬಿದ್ದ ಮೇಲೆ ಹೊರಗೆ ಗೀರು ಮಾತ್ರ ಕಂಡರೂ ಬದಲಿಸಿ. ಪಟ್ಟಿ ಕಟ್ಟದ ಹೆಲ್ಮೆಟ್ ಡಿಕ್ಕಿಗೆ ಮೊದಲೇ ಹಾರಿಹೋಗುತ್ತದೆ. ಉಳಿದ ಹಣದಲ್ಲಿ ಗ್ಲೌಸ್ ತಗೊಳ್ಳಿ, ಬೀಳುವಾಗ ಮೊದಲು ನೆಲಕ್ಕೆ ಹೋಗುವುದು ಅಂಗೈ.

ಪ್ರಶ್ನೆ: ಹೆಂಡತಿ ಮತ್ತು ಎರಡು ವರ್ಷದ ಮಗಳನ್ನು ಬೈಕಲ್ಲಿ ಕರೆದೊಯ್ಯಬಹುದಾ?
— ಶಿಕ್ಷಕ, ವಿಜಯನಗರ

ಉತ್ತರ: ನಿಮಗೆ ಒಂದು ವರ್ಷದ ಅನುಭವವಾದರೂ ಆಗಲಿ, ಅಲ್ಲಿಯವರೆಗೆ ಬಸ್ಸು, ಆಟೊ. ಆಮೇಲೂ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಬಾರದು. ಬ್ರೇಕ್ ಹಿಡಿದರೆ ನಿಮ್ಮ ಎದೆ ಮಗುವನ್ನು ಹ್ಯಾಂಡಲಿಗೆ ಒತ್ತುತ್ತದೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರರ ಮೈಗೆ ಕಟ್ಟುವ ಸುರಕ್ಷತಾ ಬೆಲ್ಟ್, ಅಳತೆಯ ಹೆಲ್ಮೆಟ್ ಕಡ್ಡಾಯ, ವೇಗ 40 ಮೀರಬಾರದು. ಹಿಂದೆ ಕೂರುವವರಿಗೆ ಹೆಲ್ಮೆಟ್, ಗಾಡಿಗೆ ಸೀರೆ ಗಾರ್ಡ್ ಇರಲೇಬೇಕು. ಸೆರಗು, ದುಪಟ್ಟಾ ಹೊರಡುವ ಮುಂಚೆಯೇ ಸೊಂಟಕ್ಕೆ ಸಿಕ್ಕಿಸಲಿ. ಚೈನಿಗೆ ಸಿಕ್ಕಿದ ದುಪಟ್ಟಾ ಕುತ್ತಿಗೆಯನ್ನೇ ಎಳೆಯುತ್ತದೆ.

ಪ್ರಶ್ನೆ: ತಮ್ಮನಿಗೆ 17. ಬೀದಿ ತುದಿಯ ಅಂಗಡಿಗೆ ತಾನೆ, ಬೈಕ್ ಕೊಡು ಅಂತಾನೆ.
— ಹೊಸ ಸವಾರ, ದಾಸರಹಳ್ಳಿ

ಉತ್ತರ: ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಮನೆಯ ಹಿರಿಯರಿಗೂ ಗಾಡಿಯ ಮಾಲೀಕರಿಗೂ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊರೆ ನಿಮ್ಮ ಮನೆಯ ಮೇಲೆಯೇ ಬಂದು ಬೀಳಬಹುದು.

ಪ್ರಶ್ನೆ: ವಾರಕ್ಕೊಮ್ಮೆ ಗಾಡಿಯಲ್ಲಿ ಏನೇನು ನೋಡಬೇಕು? ಪಂಚರ್ ಅಂಗಡಿಯವರು "35 ಹೊಡೀಲಾ ಸಾರ್" ಅಂತಾರೆ.
— ಡೆಲಿವರಿ ಕೆಲಸದವರು, ಬೊಮ್ಮನಹಳ್ಳಿ

ಉತ್ತರ: ಟೈರಿಗೆ 35 ಗಾಳಿ ಬೇಡ. ಚೈನ್ ಕವರ್ ಅಥವಾ ಹಿಂದಿನ ಚಕ್ರ ಹಿಡಿದಿರುವ ತೋಳಿನ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿದ್ದಷ್ಟೇ. 150 ಸಿಸಿ ಗಾಡಿಗಳಿಗೆ ಸಾಮಾನ್ಯವಾಗಿ ಒಬ್ಬರಿಗೆ ಮುಂದೆ 25, ಹಿಂದೆ 28ರ ಆಸುಪಾಸು. ಹಿಂದೆ ಭಾರವಿದ್ದರೆ ಹಿಂದಿನದು 32. ಗಾಳಿ ಹೆಚ್ಚಾದರೆ ಟೈರ್ ಗುಂಡಗಾಗಿ ರಸ್ತೆ ಮುಟ್ಟುವ ಅಗಲ ಕಡಿಮೆಯಾಗುತ್ತದೆ, ಗುಂಡಿಯಲ್ಲಿ ಪುಟಿಯುತ್ತದೆ. ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ಹಾಕಿಸಿ.

ಚೈನನ್ನು ಕೆಳಗಿನ ಭಾಗದ ಮಧ್ಯದಲ್ಲಿ ಬೆರಳಿನಿಂದ ಎತ್ತಿ ಇಳಿಸಿ ನೋಡಿ. ಆಟ 20ರಿಂದ 30 ಮಿ.ಮೀ. ಒಳಗಿರಬೇಕು. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಬಿಗಿಯಾದ ಕಡೆ ಇರುವ ಆಟವೇ ಲೆಕ್ಕ. ನೋಡುವಾಗ ಎಂಜಿನ್ ಆಫ್ ಆಗಿರಲಿ, ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. 500 ಕಿ.ಮೀ.ಗೊಮ್ಮೆ ಒರೆಸಿ ಎಣ್ಣೆ ಹಾಕಿ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವ ನಿಮಗೆ ಅದು ವಾರಕ್ಕೊಮ್ಮೆ ಬರುತ್ತದೆ. ಟೈರಿನ ಗೆರೆಗಳ ಒಳಗೆ ಸಣ್ಣ ಉಬ್ಬುಗಳಿವೆ. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಿಸಿ. ಬ್ರೇಕ್ ಲೈಟ್ ಎರಡೂ ಬ್ರೇಕಿಗೆ ಹತ್ತುತ್ತದೆಯೇ ಎಂದು ಗೋಡೆಗೆ ಹಿಂಬದಿ ಮಾಡಿ ನಿಂತು ನೋಡಿ.

ಪ್ರಶ್ನೆ: ಬಿದ್ದರೆ ಅಥವಾ ಬಿದ್ದವರನ್ನು ಕಂಡರೆ ಮೊದಲು ಏನು ಮಾಡಬೇಕು? ಪೊಲೀಸ್ ಕೇಸಿನ ಭಯ.
— ಅಂಗಡಿ ಮಾಲೀಕ, ಯಶವಂತಪುರ

ಉತ್ತರ: ನೀವೇ ಬಿದ್ದರೆ ತಟ್ಟನೆ ಎದ್ದು ನಿಲ್ಲಬೇಡಿ. ಹಿಂದಿನಿಂದ ಏನು ಬರುತ್ತಿದೆ ನೋಡಿ ರಸ್ತೆ ಬದಿಗೆ ಸರಿಯಿರಿ, ಗಾಡಿ ಎತ್ತುವುದು ಆಮೇಲೆ. ಎತ್ತಿದ ಮೇಲೆ ಹ್ಯಾಂಡಲ್ ನೇರ ಇದೆಯೇ, ಲಿವರ್ ಬಗ್ಗಿದೆಯೇ, ಬ್ರೇಕ್ ಹಿಡಿಯುತ್ತದೆಯೇ ನೋಡದೆ ಓಡಿಸಬೇಡಿ.

ಬೇರೆಯವರು ಬಿದ್ದಿದ್ದರೆ ಮೊದಲು ಹಿಂದಿನ ವಾಹನಗಳನ್ನು ತಡೆಯಲು ಒಬ್ಬರನ್ನು ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಮುಂದಿನ ಗಾಜು ಮಾತ್ರ ಎತ್ತಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಎಳೆದಾಟದಿಂದ ಜೀವಮಾನದ ಊನವಾಗುತ್ತದೆ. ನೀರು ಕುಡಿಸಬೇಡಿ. ರಕ್ತ ಹರಿಯುವ ಕಡೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ನಿಮಗೆ ಆ ರಕ್ಷಣೆ ಕೊಟ್ಟಿದೆ.

ತಲೆಗೆ ಪೆಟ್ಟಾದವರು ಎದ್ದು ಮಾತಾಡಿ ಮನೆಗೆ ಹೋದರೂ ಒಂದು ದಿನ ಒಬ್ಬರೇ ಇರಬಾರದು. ವಾಂತಿ, ಹೆಚ್ಚುವ ತಲೆನೋವು, ಎಬ್ಬಿಸಿದರೂ ಮಂಪರು, ಒಂದು ಕೈ ಕಾಲಿನಲ್ಲಿ ಶಕ್ತಿ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ವಿಮೆಯ ಬಗ್ಗೆ ಒಂದು ಮಾತು. ಹೊಸ ಗಾಡಿಯ ಜೊತೆ ಬರುವ ಐದು ವರ್ಷದ ವಿಮೆ ಎದುರಿನವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಗಾಡಿಯ ರಿಪೇರಿಗೆ ಸಿಗುವ ವಿಮೆ ಬಹಳಷ್ಟು ಸಲ ಮೊದಲ ವರ್ಷಕ್ಕಷ್ಟೇ ಇರುತ್ತದೆ, ಸವಾರರಿಗೇ ಸಿಗುವ 15 ಲಕ್ಷದ ಅಪಘಾತ ವಿಮೆಯೂ ಹಾಗೆಯೇ. ಪಾಲಿಸಿ ಹಾಳೆ ತೆಗೆದು ಮೂರೂ ತಾರೀಖುಗಳನ್ನು ಬೇರೆ ಬೇರೆಯಾಗಿ ನೋಡಿ, ಮೊಬೈಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.